ಹೊರಡುವ ಮುನ್ನ ಒಮ್ಮೆ ನೀರಿನೆದುರು ನಿಲ್ಲಿ

ಪ್ರವಾಸದ ಕೊನೆಯ ದಿನವೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಬಟ್ಟೆ ಮಡಚುವ, ಬುತ್ತಿಯ ಡಬ್ಬಿ ತೊಳೆಯುವ, ಮಕ್ಕಳನ್ನು ಗದರಿಸುವ ದಿನ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಿಂದ ಹೊಸಪೇಟೆಯ ತುಂಗಭದ್ರಾ ಜಲಾಶಯ ನೋಡಲು ಹೊರಟ ಸಹೋದರಿಯರೇ, ಈ ಸಲ ಹಾಗಾಗದಿರಲಿ. ಚೀಲಗಳನ್ನು ಹಿಂದಿನ ರಾತ್ರಿಯೇ ಕಟ್ಟಿಡಿ. ಮನೆಯ ಗಂಡಸರೂ ಕೈ ಹಚ್ಚಲಿ. ಬೆಳಿಗ್ಗೆ ಮಕ್ಕಳನ್ನು ಕರೆದುಕೊಂಡು ನೀರಿನೆದುರು ಸ್ವಲ್ಪ ಹೊತ್ತು ನಿಲ್ಲಿ. ಚಿಕ್ಕವರ ಕೈ ಮಾತ್ರ ಬಿಡಬೇಡಿ, ನೀರಿಗಿಳಿಯಲು ಬಿಡಬೇಡಿ.

ಮಕ್ಕಳಿಗೆ ಇದು ಬರೀ ಸಮುದ್ರದಂತಹ ಕೆರೆ. ನೀವು ಹೇಳಿ: ಇಲ್ಲಿಂದ ಹೊರಡುವ ಬಲದಂಡೆ ಕಾಲುವೆಗಳ ನೀರೇ ನಮ್ಮ ಕಡೆಯ ಭತ್ತದ ಗದ್ದೆಗಳಿಗೆ ಬರುತ್ತದೆ. ಈ ಅಣೆಕಟ್ಟಿಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋಯಿತು. ವಾರದೊಳಗೆ ತಾತ್ಕಾಲಿಕ ತಡೆ ಕೂರಿಸಿದರಾದರೂ, ಅಷ್ಟರಲ್ಲಿ ಬಹಳಷ್ಟು ನೀರು ನದಿಪಾಲಾಗಿತ್ತು. ನಾಟಿ ಮಾಡಿದ್ದ ರೈತರ ಕಳವಳ ಕೇಳುವುದೇ ಬೇಡ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದು. ಮೊದಲು ಇಲ್ಲಿ ಸುಮಾರು 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಆ ಸಾಮರ್ಥ್ಯ ಸುಮಾರು 105 ಟಿಎಂಸಿಗೆ ಇಳಿದಿದೆ. ಐದರಲ್ಲಿ ಒಂದು ಪಾಲನ್ನು ಮಣ್ಣು ನುಂಗಿದೆ.

ಊರಿಗೆ ಮರಳಿದ ಮೇಲೆ ಮಗು ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದರೆ ಬೈಯಬೇಡಿ. ಆ ಬೆಳಗಿನ ನೀರನ್ನು ನೆನಪಿಸಿ. ಪ್ರವಾಸದಿಂದ ಮನೆಗೆ ತರಬೇಕಾದದ್ದು ಇದನ್ನೇ ಅಲ್ಲವೇ?