ಹಿಮ್ಮಡಿ ನೋವು: ಗುಣಪಡಿಸಿದ್ದು ಯಾವುದು?

ಬೆಳಗ್ಗೆ ಹಾಸಿಗೆಯಿಂದ ಎದ್ದು ನೆಲಕ್ಕೆ ಕಾಲೂರಿದೊಡನೆ ಹಿಮ್ಮಡಿಗೆ ಮುಳ್ಳು ಚುಚ್ಚಿದಂತಹ ನೋವು. ಹತ್ತಿಪ್ಪತ್ತು ಹೆಜ್ಜೆ ನಡೆದರೆ ಕಡಿಮೆ. ಬಹಳ ಹೊತ್ತು ಕುಳಿತು ಎದ್ದರೆ ಮತ್ತೆ ಅದೇ ನೋವು. ದಿನವಿಡೀ ನಿಂತು ಪಾಠ ಹೇಳುವ ಶಿಕ್ಷಕರಲ್ಲಿ ಅನೇಕರಿಗೆ ಇದು ಪರಿಚಿತ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಂತಹ ಊರುಗಳಲ್ಲಿ ಕುರಿ, ಮೇಕೆಗಳ ಹಿಂದೆ ನಡೆಯುವವರಿಗೂ ಇದು ಹೊಸದೇನಲ್ಲ. ಕಾಯಿಸಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಸಿ ಹಿಮ್ಮಡಿ ಊರುವುದು ನಮ್ಮ ಹಳ್ಳಿಗಳ ಮನೆಮದ್ದು. ಮಾಡಿದವರಲ್ಲಿ ಹಲವರು 'ನಾಲ್ಕಾರು ತಿಂಗಳಲ್ಲಿ ವಾಸಿಯಾಯಿತು' ಎನ್ನುತ್ತಾರೆ. ಚುಚ್ಚುಮದ್ದು ಹಾಕಿಸಿಕೊಂಡವರೂ, ಮೆತ್ತನೆಯ ಚಪ್ಪಲಿ ಕೊಂಡವರೂ ಹಾಗೆಯೇ ಹೇಳುತ್ತಾರೆ. ಎಲ್ಲರೂ ಹೇಳುವುದು ನಿಜವೇ. ಆದರೆ ಅವರನ್ನು ಗುಣಪಡಿಸಿದ್ದು ಯಾವುದು?

ಪಾದವೆಂಬ ಕಮಾನು

ಪಾದದ ಮೂಳೆಗಳು ಕಮಾನಿನಂತೆ ಜೋಡಣೆಯಾಗಿವೆ. ಹಿಮ್ಮಡಿಯ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿಯಾದ ತಂತುಪಟ್ಟಿ ಹರಡಿದೆ. ಇದೇ ಪ್ಲಾಂಟಾರ್ ಫೇಶಿಯಾ. ಬಿಲ್ಲಿಗೆ ಹೆದೆ ಇರುವಂತೆ ಕಮಾನಿಗೆ ಈ ಪಟ್ಟಿ. ಮೇಲಿನಿಂದ ಭಾರ ಬಿದ್ದಾಗ ಕಮಾನಿನ ಎರಡು ತುದಿಗಳು ದೂರ ಸರಿಯದಂತೆ ಇದು ಹಿಡಿದಿಡುತ್ತದೆ.

ಪಟ್ಟಿಯ ಮೇಲೆ ಬೀಳುವ ಎಳೆತವೆಷ್ಟು? ಪಾದವನ್ನು ಸರಳ ತ್ರಿಕೋನವೆಂದು ಭಾವಿಸಿ, ಭಾರವು ಶೃಂಗದ ಮೇಲಿದೆ ಎನ್ನೋಣ. ಆಗ ಎಳೆತ = ಭಾರ × ಕಮಾನಿನ ಉದ್ದ ÷ (4 × ಎತ್ತರ). ಉದ್ದ 16 ಸೆಂ.ಮೀ., ಎತ್ತರ 4 ಸೆಂ.ಮೀ. ಎಂದು ತೆಗೆದುಕೊಂಡರೆ ಎಳೆತವು ಭಾರಕ್ಕೆ ಸಮ! 60 ಕಿ.ಗ್ರಾಂ. ವ್ಯಕ್ತಿ ಒಂಟಿಕಾಲಿನಲ್ಲಿ ನಿಂತರೆ ಸುಮಾರು 590 ನ್ಯೂಟನ್. ನಿಜವಾದ ಪಾದದಲ್ಲಿ ಇತರ ಅಸ್ಥಿರಜ್ಜುಗಳೂ ಸ್ನಾಯುಗಳೂ ಈ ಹೊರೆಯನ್ನು ಹಂಚಿಕೊಳ್ಳುತ್ತವೆ. ಆದರೆ ನಡೆಯುವಾಗ ಹಿಮ್ಮಡಿ ಮೇಲೆದ್ದು ಬೆರಳುಗಳು ಮಡಿಸಿಕೊಂಡಾಗ, ರಾಟೆಗೆ ಹಗ್ಗ ಸುತ್ತಿದಂತೆ ಪಟ್ಟಿಯು ಬೆರಳ ಬುಡಕ್ಕೆ ಸುತ್ತಿ ಇನ್ನಷ್ಟು ಬಿಗಿಯಾಗುತ್ತದೆ. ಈ ಕ್ರಿಯೆಯನ್ನು 1954ರಲ್ಲಿ ಹಿಕ್ಸ್ ಎಂಬ ವೈದ್ಯ ವಿವರಿಸಿದರು. ಪ್ರತಿ ಹೆಜ್ಜೆಗೂ ಇಂತಹ ಎಳೆತ. ದಿನಕ್ಕೆ ಸಾವಿರಾರು ಹೆಜ್ಜೆ. ಪಟ್ಟಿಯು ಹಿಮ್ಮಡಿಗೆ ಅಂಟಿದ ಜಾಗ ದಣಿಯುವುದು ಸಹಜ. ಬೊಜ್ಜು, ದೀರ್ಘಕಾಲ ನಿಂತು ಮಾಡುವ ಕೆಲಸ, ಬಿಗಿಯಾದ ಮೀನಖಂಡ ಇವು ಅಪಾಯವನ್ನು ಹೆಚ್ಚಿಸುತ್ತವೆ.

ಈ ರೋಗಕ್ಕೆ ಪ್ಲಾಂಟಾರ್ ಫೇಶಿಯೈಟಿಸ್ ಎಂಬ ಹೆಸರಿದೆ. 'ಐಟಿಸ್' ಎಂದರೆ ಉರಿಯೂತ. ಆದರೆ 2003ರಲ್ಲಿ ಅಮೆರಿಕದ ಲೆಮಾಂಟ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಗೊಳಗಾದ 50 ರೋಗಿಗಳ ಅಂಗಾಂಶವನ್ನು ಪರಿಶೀಲಿಸಿದಾಗ ಕಂಡದ್ದು ತಂತುಗಳ ಶಿಥಿಲತೆ. ಉರಿಯೂತದ ಲಕ್ಷಣಗಳು ಕಾಣಲಿಲ್ಲ.

ಹೋಲಿಕೆ ಏಕೆ ಬೇಕು?

ಬಹುಪಾಲು ರೋಗಿಗಳಲ್ಲಿ ಈ ನೋವು ಸುಮಾರು ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ಇಳಿಯುತ್ತದೆ. ಜೊತೆಗೆ, ನಾವು ಮದ್ದಿಗೆ ಹೋಗುವುದು ನೋವು ಶಿಖರಕ್ಕೇರಿದಾಗ. ಅಲ್ಲಿಂದ ಅದು ಸಾಮಾನ್ಯವಾಗಿ ಇಳಿಯಲೇಬೇಕು. ಹೀಗಿರುವಾಗ ಆ ಹೊತ್ತಿಗೆ ಏನು ಮಾಡಿದರೂ ಅದಕ್ಕೇ ಕೀರ್ತಿ ಸಲ್ಲುತ್ತದೆ.

ಇದನ್ನು ಬಿಡಿಸುವ ಉಪಾಯವೆಂದರೆ ರೋಗಿಗಳನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪು ಮಾಡುವುದು. ಒಂದಕ್ಕೆ ನಿಜವಾದ ಚಿಕಿತ್ಸೆ, ಇನ್ನೊಂದಕ್ಕೆ ಹಾಗೆಯೇ ತೋರುವ ಹುಸಿ ಚಿಕಿತ್ಸೆ. ಆಸ್ಟ್ರೇಲಿಯಾದಲ್ಲಿ ಬುಕ್‌ಬೈಂಡರ್ ತಂಡ 166 ರೋಗಿಗಳ ಮೇಲೆ ಆಘಾತ ತರಂಗ ಚಿಕಿತ್ಸೆಯನ್ನು ಹೀಗೆ ಪರೀಕ್ಷಿಸಿತು. 2002ರಲ್ಲಿ ಪ್ರಕಟವಾದ ಫಲಿತಾಂಶ: 12 ವಾರಗಳಲ್ಲಿ 100ರ ಅಳತೆಯಲ್ಲಿ ನೋವು ಚಿಕಿತ್ಸೆ ಪಡೆದವರಲ್ಲಿ 26.3, ಹುಸಿ ಚಿಕಿತ್ಸೆಯವರಲ್ಲಿ 25.7 ಇಳಿದಿತ್ತು. ಎರಡನೆಯ ಗುಂಪು ಇಲ್ಲದಿದ್ದರೆ ಯಂತ್ರಕ್ಕೆ ಜಯಕಾರ ಸಿಗುತ್ತಿತ್ತು! ಬೇರೆ ಬಗೆಯ ತರಂಗ ಬಳಸಿದ ಗರ್ಡೆಸ್ಮೆಯರ್ ತಂಡದ 2008ರ ಪ್ರಯೋಗದಲ್ಲಿ (245 ರೋಗಿಗಳು) ನೋವಿನ ಇಳಿಕೆ ಶೇ. 72.1 ಮತ್ತು ಶೇ. 44.7. ಇಲ್ಲಿ ಚಿಕಿತ್ಸೆಗೆ ಲಾಭ ಕಂಡಿತು. ಆದರೆ ಹುಸಿ ಚಿಕಿತ್ಸೆಯವರಲ್ಲೂ ಆದ ಇಳಿಕೆಯನ್ನು ಗಮನಿಸಿ. ಚಿಕಿತ್ಸೆಯ ನಿಜವಾದ ಗಳಿಕೆ ಎರಡರ ನಡುವಿನ ಅಂತರ ಮಾತ್ರ.

ಒರೆಗಲ್ಲಿನಲ್ಲಿ ಉಳಿದದ್ದು

ಸ್ಟೀರಾಯ್ಡ್ ಚುಚ್ಚುಮದ್ದನ್ನು 82 ಮಂದಿಯಲ್ಲಿ ಉಪ್ಪುನೀರಿನ ಚುಚ್ಚುಮದ್ದಿನೊಂದಿಗೆ ಹೋಲಿಸಿದಾಗ (2012) ನಾಲ್ಕು ವಾರಕ್ಕೆ ನೋವು ಹೆಚ್ಚು ಇಳಿದಿತ್ತು. ಎಂಟು ಮತ್ತು ಹನ್ನೆರಡು ವಾರಕ್ಕೆ ಆ ಅಂತರ ಉಳಿಯಲಿಲ್ಲ. ಈ ಮದ್ದಿನಿಂದ ಅಪರೂಪಕ್ಕೆ ಪಟ್ಟಿ ಹರಿಯುವುದೂ ಉಂಟು.

ಖರ್ಚಿಲ್ಲದ ಒಂದು ವ್ಯಾಯಾಮವಿದೆ. ಬೆಳಗ್ಗೆ ಮೊದಲ ಹೆಜ್ಜೆ ಇಡುವ ಮೊದಲೇ, ನೋವಿನ ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಮೊಣಕಾಲಿನತ್ತ ಎಳೆದು ಹತ್ತು ಎಣಿಸುವವರೆಗೆ ಹಿಡಿಯಬೇಕು. ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ಹಿಕ್ಸ್ ಹೇಳಿದ ರಾಟೆಯನ್ನೇ ನಾವು ಕೈಯಿಂದ ತಿರುಗಿಸಿದಂತೆ! 2003ರಲ್ಲಿ ಪ್ರಕಟವಾದ 101 ರೋಗಿಗಳ ಪ್ರಯೋಗದಲ್ಲಿ, ಎಂಟು ವಾರಗಳ ನಂತರ ಇದು ಮೀನಖಂಡವನ್ನು ಎಳೆಯುವ ವ್ಯಾಯಾಮಕ್ಕಿಂತ ಮೇಲೆನಿಸಿತು. ಬೆರಳ ಕೆಳಗೆ ಮಡಿಸಿದ ಟವೆಲ್ ಇಟ್ಟು, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವ ವ್ಯಾಯಾಮವನ್ನು ಡೆನ್ಮಾರ್ಕ್‌ನಲ್ಲಿ 48 ಮಂದಿಯಲ್ಲಿ ಪರೀಕ್ಷಿಸಲಾಯಿತು. ಮೂರು ತಿಂಗಳಿಗೆ ಅದು ಎಳೆತದ ವ್ಯಾಯಾಮಕ್ಕಿಂತ ಮುಂದಿತ್ತು; ವರ್ಷದ ಕೊನೆಗೆ ಎರಡೂ ಸಮ.

ಬಿಸಿ ಇಟ್ಟಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಸುಡುವುದೇ ತಿಳಿಯುವುದಿಲ್ಲ. ಸುಟ್ಟಗಾಯ ಹುಣ್ಣಾಗಿ ಪಾದಕ್ಕೇ ಕುತ್ತು ತರಬಹುದು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಹಾನಿಕರ. ನೋವಿನ ಜೊತೆ ಜೋಮು, ಜ್ವರ, ಊತವಿದ್ದರೆ ವೈದ್ಯರನ್ನು ಕಾಣಲೇಬೇಕು.

ಶಿಕ್ಷಕರು ಇದನ್ನು ತರಗತಿಗೂ ಒಯ್ಯಬಹುದು. ಎರಡು ಮರದ ಪಟ್ಟಿಗಳ ಮೇಲ್ತುದಿಗಳನ್ನು ತಿರುಗುವಂತೆ ಮೊಳೆಯಿಂದ ಜೋಡಿಸಿ, ಕೆಳತುದಿಗಳ ನಡುವೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ನಯವಾದ ಮೇಜಿನ ಮೇಲೆ ನಿಲ್ಲಿಸಿ. ಮೇಲೆ ಭಾರ ತೂಗುಹಾಕಿ. ಕಮಾನು ತಗ್ಗಿದಷ್ಟೂ ತಕ್ಕಡಿಯ ಅಂಕಿ ಏರುವುದನ್ನು ಮಕ್ಕಳೇ ಓದಲಿ. ಬಳಿಕ ಒಂದು ಪ್ರಶ್ನೆಯನ್ನೂ ಕಲಿಸೋಣ. 'ಈ ಮದ್ದಿನಿಂದ ನೂರರಲ್ಲಿ ಎಂಬತ್ತು ಜನಕ್ಕೆ ಗುಣ' ಎಂದು ಯಾರಾದರೂ ಹೇಳಿದರೆ ಕೇಳಬೇಕಾದದ್ದು ಇಷ್ಟೇ: ಮದ್ದು ಪಡೆಯದ ನೂರರಲ್ಲಿ ಎಷ್ಟು ಜನಕ್ಕೆ?