ಗಾಲ್ಫ್ ಹೊಡೆತದಲ್ಲಿ ಕಾಲು ಮೊದಲು, ಕೈ ಆಮೇಲೆ

ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿಗೆ, ರೇಸ್‌ಕೋರ್ಸ್‌ ಮಗ್ಗುಲಿಗೇ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇದೆ. ವೃತ್ತಿಪರರ ಮೈಸೂರು ಓಪನ್ ನಡೆಯುವುದು ಇಲ್ಲೇ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಪರ ಆಡಿದ ಪ್ರಣವಿ ಅರಸ್ ಈ ಊರಿನ ಹುಡುಗಿ. ಅಲ್ಲಾದರೂ ಸರಿ, ಬೇರೆ ಯಾವುದೇ ಗಾಲ್ಫ್ ಮೈದಾನದಲ್ಲಾದರೂ ಸರಿ, ಅಭ್ಯಾಸದ ಜಾಗದಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಿಂತು ನೋಡಿ. ಹೊಸಬರು ಹಲ್ಲು ಕಚ್ಚಿ, ತೋಳಿನ ಬಲವನ್ನೆಲ್ಲ ಹಾಕಿ ಬೀಸುತ್ತಾರೆ. ಚೆಂಡು ಸ್ವಲ್ಪ ದೂರ ಹೋಗಿ ಬಲಕ್ಕೆ ವಾಲಿಬಿಡುತ್ತದೆ. ಪಕ್ಕದಲ್ಲೇ ತೆಳ್ಳಗಿನ ಹುಡುಗಿಯೊಬ್ಬಳು ಆತುರವೇ ಇಲ್ಲದವಳಂತೆ ಬೀಸುತ್ತಾಳೆ. ಚೆಂಡು ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತದೆ.

ಇದು ಕೈಚಳಕದ ಮಾತಷ್ಟೇ ಆಗಿದ್ದರೆ ವಿಜ್ಞಾನದ ಅಂಕಣದಲ್ಲಿ ಬರೆಯುವ ಅಗತ್ಯವಿರಲಿಲ್ಲ. ಇಬ್ಬರ ನಡುವಿನ ವ್ಯತ್ಯಾಸ ತೀರ್ಮಾನವಾಗುವುದು ಹೊಡೆಯುವ ಕೋಲು, ಅಂದರೆ ಕ್ಲಬ್, ಮೇಲೆ ಹೋಗಿ ಕೆಳಕ್ಕೆ ತಿರುಗುವ ಆ ಒಂದು ಗಳಿಗೆಯಲ್ಲಿ. ಅದರ ಹಿಂದಿರುವುದು ಶುದ್ಧ ಯಂತ್ರಶಾಸ್ತ್ರ.

ಮೊದಲು ಕಾಲದ ಲೆಕ್ಕ ನೋಡೋಣ. ಪಳಗಿದ ಆಟಗಾರರು ಕ್ಲಬ್ಬನ್ನು ಹಿಂದಕ್ಕೆ ಎತ್ತಲು, ಅಂದರೆ ಬ್ಯಾಕ್‌ಸ್ವಿಂಗ್‌ಗೆ, ಸುಮಾರು ಮುಕ್ಕಾಲು ಸೆಕೆಂಡು ತೆಗೆದುಕೊಳ್ಳುತ್ತಾರೆ. ಕೆಳಗೆ ಬಂದು ಚೆಂಡಿಗೆ ತಗುಲಲು ಕಾಲು ಸೆಕೆಂಡು ಸಾಕು. ಈ ಮೂರಕ್ಕೊಂದರ ಪ್ರಮಾಣವನ್ನು ಅಮೆರಿಕದ ಜಾನ್ ನೊವೊಸೆಲ್ ವಿಡಿಯೊ ಫ್ರೇಮುಗಳನ್ನು ಎಣಿಸಿ ಗುರುತಿಸಿ, 2004ರಲ್ಲಿ ಪುಸ್ತಕವಾಗಿ ತಂದರು. ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ಒಬ್ಬರದು 21ಕ್ಕೆ 7, ಇನ್ನೊಬ್ಬರದು 24ಕ್ಕೆ 8, ಮತ್ತೊಬ್ಬರದು 27ಕ್ಕೆ 9. ವೇಗ ಬೇರೆ, ಲಯ ಒಂದೇ. ಯೇಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಬರ್ಟ್ ಗ್ರೋಬರ್ ಕ್ಲಬ್ಬಿನ ದಂಡದೊಳಗೇ ಸಂವೇದಕಗಳನ್ನು ಇಟ್ಟು ಅಳೆದಾಗಲೂ ಹೆಚ್ಚುಕಡಿಮೆ ಇದೇ ಪ್ರಮಾಣ ಸಿಕ್ಕಿತು.

ಕಾಲು ಸೆಕೆಂಡು ಎಂದರೆ ಎಷ್ಟು? ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಮಿದುಳಿಗೆ ಸುಮಾರು 0.2 ಸೆಕೆಂಡು ಬೇಕು. ಹಾಗಾಗಿ ಕ್ಲಬ್ ಇಳಿಯತೊಡಗಿದ ಮೇಲೆ ತಪ್ಪನ್ನು ಕಂಡು ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ. ಹೊರಟ ರೀತಿಯೇ ಮುಟ್ಟುವ ರೀತಿ.

ಈಗ ಯಂತ್ರಕ್ಕೆ ಬರೋಣ. ಬ್ರಿಟನ್ನಿನ ಅಲೆಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ 1968ರಲ್ಲಿ ಪ್ರಕಟಿಸಿದ ಅಧ್ಯಯನ ಗಾಲ್ಫ್ ಹೊಡೆತವನ್ನು ಒಂದಕ್ಕೊಂದು ಕೀಲು ಹಾಕಿದ ಎರಡು ಲೋಲಕಗಳಂತೆ ವಿವರಿಸಿತು. ತೋಳು ಮೊದಲ ಲೋಲಕ, ಅದರ ಕೀಲು ಭುಜಗಳ ನಡುವೆ. ಕ್ಲಬ್ ಎರಡನೆಯದು, ಅದರ ಕೀಲು ಮಣಿಕಟ್ಟು. ಎತ್ತಿ ಹಿಡಿದಾಗ ತೋಳಿಗೂ ಕ್ಲಬ್ಬಿಗೂ ನಡುವೆ ಸುಮಾರು ಲಂಬಕೋನ ಇರುತ್ತದೆ. ಈ ಮಡಿಕೆ ಹಾಗೇ ಉಳಿದಷ್ಟು ಹೊತ್ತು ಕ್ಲಬ್ಬಿನ ತೂಕ ಮೈಗೆ ಹತ್ತಿರವಿರುತ್ತದೆ, ಇಡೀ ಜೋಡಣೆಯನ್ನು ತಿರುಗಿಸುವುದು ಸುಲಭ, ತೋಳು ಬೇಗ ವೇಗ ಪಡೆಯುತ್ತದೆ. ಅರ್ಧ ದಾರಿ ಇಳಿಯುವ ಹೊತ್ತಿಗೆ ತಿರುಗುವ ವೇಗವೇ ಕ್ಲಬ್ಬನ್ನು ಹೊರಕ್ಕೆ ಎಸೆಯುತ್ತದೆ. ಮಣಿಕಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಗ ತೋಳು ನಿಧಾನವಾಗಿ, ಅದರಲ್ಲಿದ್ದ ಶಕ್ತಿ ಕ್ಲಬ್ಬಿಗೆ ದಾಟುತ್ತದೆ. ದೋಬಿಘಾಟಿನಲ್ಲಿ ಒದ್ದೆ ಬಟ್ಟೆಯನ್ನು ಹೆಗಲ ಮೇಲಿಂದ ತಂದು ಕಲ್ಲಿಗೆ ಬಡಿಯುವವರನ್ನು ಗಮನಿಸಿದ್ದರೆ ಇದು ಗೊತ್ತಿರುತ್ತದೆ. ತೋಳು ಮುಂದೆ, ಬಟ್ಟೆಯ ತುದಿ ಹಿಂದೆ. ತೋಳು ತಡೆದಾಗಲೇ ತುದಿಗೆ ಕಸುವು.

ವೃತ್ತಿಪರ ಪುರುಷರ ಡ್ರೈವರ್, ಅಂದರೆ ದೂರದ ಹೊಡೆತದ ಕ್ಲಬ್, ಚೆಂಡನ್ನು ಮುಟ್ಟುವಾಗ ಅದರ ತಲೆ ಗಂಟೆಗೆ ಸುಮಾರು 180 ಕಿ.ಮೀ. ವೇಗದಲ್ಲಿರುತ್ತದೆ. ಅದೇ ಕ್ಷಣದಲ್ಲಿ ಅವರ ಕೈಗಳ ವೇಗ ಹೆಚ್ಚುಕಡಿಮೆ ಅದರ ಐದನೇ ಒಂದು ಪಾಲು. ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿದ್ದು ಈ ಅಂಕಿಯೇ. ಚೆಂಡು ಮತ್ತು ಕ್ಲಬ್ ಜೊತೆಗಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ ಮಾತ್ರ. ವೇಗ ತುದಿ ಮುಟ್ಟಬೇಕಾದದ್ದು ಆಗಲೇ, ಅದಕ್ಕೆ ಮುಂಚೆ ಅಲ್ಲ.

ಹೊಸಬರು ಕೆಡುವುದು ಇಲ್ಲಿ. ಮೇಲಿನಿಂದಲೇ ಹೊಡೆಯಬೇಕೆಂಬ ಆತುರದಲ್ಲಿ ಮಣಿಕಟ್ಟನ್ನು ಮೊದಲೇ ಬಿಚ್ಚುತ್ತಾರೆ. ಕ್ಲಬ್ಬಿನ ತೂಕ ಬೇಗ ಹೊರಗೆ ಹೋಗಿ ತೋಳು ಭಾರವಾಗುತ್ತದೆ. ವೇಗ ಚೆಂಡಿನ ಹತ್ತಿರ ಬರುವ ಮೊದಲೇ ತೀರಿಹೋಗಿರುತ್ತದೆ. ಜೊತೆಗೆ ಬಲ ಭುಜ ಮುಂದಕ್ಕೆ ನುಗ್ಗಿದರೆ ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ದಂತೆ ಬರುತ್ತದೆ. ಬಲಗೈ ಆಟಗಾರರ ಚೆಂಡು ಬಲಕ್ಕೆ ತಿರುಗುವ ಸ್ಲೈಸ್‌ಗೆ ಇದೊಂದು ಮುಖ್ಯ ಕಾರಣ.

ಹಾಗಾದರೆ ಮೊದಲು ಚಲಿಸಬೇಕಾದದ್ದು ಯಾವುದು? ಅಮೆರಿಕದ ಗಾಲ್ಫ್ ಆಟಗಾರ ಬೆನ್ ಹೋಗನ್ 1957ರ ತಮ್ಮ ಪುಸ್ತಕದಲ್ಲಿ ಸೊಂಟ ಎಂದಿದ್ದರು. ಮೈಗೆ ಸಂವೇದಕ ಕಟ್ಟಿ ಅಳೆಯುವ ಇಂದಿನವರೂ ಅದನ್ನೇ ಹೇಳುತ್ತಾರೆ. ಸೊಂಟ, ಆಮೇಲೆ ಎದೆ, ಆಮೇಲೆ ತೋಳು, ಕೊನೆಗೆ ಕ್ಲಬ್. ಇನ್ನೂ ಸೊಗಸಿನ ವಿಷಯವೊಂದಿದೆ. ನುರಿತವರಲ್ಲಿ ಕ್ಲಬ್ ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಎಡಗಾಲಿನ ಮೇಲೆ ಭಾರ ಬಿದ್ದು ಸೊಂಟ ಮುಂದಕ್ಕೆ ತಿರುಗತೊಡಗಿರುತ್ತದೆ. ಕೆಳಗಿನ ಮೈ ಒಂದು ಕಡೆ, ಮೇಲಿನ ಮೈ ಇನ್ನೊಂದು ಕಡೆ. ನಡುವಿನ ಸ್ನಾಯುಗಳು ಹಿಗ್ಗುತ್ತವೆ, ಹಿಗ್ಗಿದ ಬೆನ್ನಿಗೇ ಸಂಕುಚಿಸುವ ಸ್ನಾಯು ಹೆಚ್ಚು ಬಲ ಕೊಡುತ್ತದೆ. 2021ರ ಮಾಸ್ಟರ್ಸ್ ಟೂರ್ನಿ ಗೆದ್ದ ಜಪಾನಿನ ಹಿಡೆಕಿ ಮತ್ಸುಯಾಮಾ ಕ್ಲಬ್ಬನ್ನು ಮೇಲೆತ್ತಿ ಅಲ್ಲೇ ನಿಂತುಬಿಟ್ಟಂತೆ ಕಾಣುತ್ತಾರೆ. ಆ ತಡೆ ಕೈಗಳಿಗೆ ಅವಸರ ಮಾಡಲು ಬಿಡುವುದಿಲ್ಲ.

ಇದನ್ನು ಮೈಗೆ ಕಲಿಸುವ ಅಭ್ಯಾಸಗಳು ಸರಳ. ಎರಡೂ ಪಾದ ಕೂಡಿಸಿ ನಿಂತು, ಕ್ಲಬ್ ಎತ್ತುತ್ತಿರುವಾಗಲೇ ಎಡಗಾಲನ್ನು ಗುರಿಯ ಕಡೆಗೆ ಇಟ್ಟು ಹೊಡೆಯುವುದು ನನಗೆ ಎಲ್ಲಕ್ಕಿಂತ ಒಳ್ಳೆಯದೆನಿಸುತ್ತದೆ. ಕಾಲು ನೆಲ ಮುಟ್ಟದೆ ಕೈ ಇಳಿಯಲು ಆಗುವುದೇ ಇಲ್ಲ. ಮೊದಲು ಚೆಂಡಿಲ್ಲದೆ, ಆಮೇಲೆ ಸಣ್ಣ ಐರನ್ ಕ್ಲಬ್ ಹಿಡಿದು, ಅರ್ಧ ಬಲದಲ್ಲಿ ಮಾಡಿ. ಕೈಹಿಡಿತ ಬಿಗಿಯಾದರೆ ಮಣಿಕಟ್ಟಿನ ಕೀಲು ಕೀಲಾಗಿ ಉಳಿಯುವುದಿಲ್ಲ. ಹಿಡಿತ ಸಡಿಲವಿರಲಿ.

ದೂರವೇ ಎಲ್ಲವೂ ಎಂದುಕೊಳ್ಳುವವರಿಗೆ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನಪಿಸಬೇಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದೂರ ಹೊಡೆಯುವವರ ಪೈಕಿ ಅವರದು ಬಹುತೇಕ ಕೊನೆಯ ಸ್ಥಾನ. ಆದರೂ ನಾಲ್ಕನೆಯವರಾಗಿ ಮುಗಿಸಿದರು, ಪದಕ ತಪ್ಪಿದ್ದು ಒಂದೇ ಹೊಡೆತದಿಂದ.

ಮಕ್ಕಳನ್ನು ಗಾಲ್ಫಿಗೆ ಹಾಕಿರುವ ತಂದೆತಾಯಿಗಳಲ್ಲಿ ಒಂದು ಕೋರಿಕೆ. ‘ಇನ್ನೂ ಜೋರಾಗಿ ಹೊಡಿ’ ಎನ್ನಬೇಡಿ. ಮೊಬೈಲಿನಲ್ಲಿ ಒಂದು ವಿಡಿಯೊ ತೆಗೆದು, ಕ್ಲಬ್ ಏರಲು ಎಷ್ಟು ಫ್ರೇಮು, ಇಳಿಯಲು ಎಷ್ಟು ಫ್ರೇಮು ಎಂದು ಮಗುವೇ ಎಣಿಸಲಿ.