ಹರಿದ ರಟ್ಟೆ, ಮೂಳೆಗೆ ಹೊಲಿಗೆ

ನಾರಾಯಣಪೇಟೆಯ ತೊಗರಿ ಮಾರುಕಟ್ಟೆಯಲ್ಲಿ, ಮಕ್ತಲ್, ಗದ್ವಾಲದ ಭತ್ತದ ಲಾರಿಗಳ ಹತ್ತಿರ ಯಾವ ಹಮಾಲನಿಗೂ ಆಗಬಹುದಾದ ಪೆಟ್ಟು ಇದು. ಮೊಣಕೈ ಮಡಿಸಿ ಹಿಡಿದ ಚೀಲ ಜಾರುತ್ತದೆ. ಬಿಡಬಾರದೆಂದು ರಟ್ಟೆ ಬಿಗಿಯುತ್ತದೆ, ಭಾರ ಕೈಯನ್ನು ಕೆಳಗೆ ಜಗ್ಗುತ್ತದೆ. ಒಳಗೆ ‘ಟಪ್’ ಅನ್ನುತ್ತದೆ. ಬೈಸೆಪ್ಸ್ ಸ್ನಾಯುವಿನ ಕೆಳತುದಿಯನ್ನು ಮೂಳೆಗೆ ಕೂಡಿಸುವ ಹುರಿ, ಅಂದರೆ ಟೆಂಡನ್, ಮುಂಗೈ ಮೂಳೆಯಿಂದ ಕಿತ್ತುಬಂದು, ಮಾಂಸಖಂಡ ಮೇಲೆ ಸರಿದು ಉಂಡೆಗಟ್ಟುತ್ತದೆ. ನಲವತ್ತು ದಾಟಿದ ಗಂಡಸರಲ್ಲಿ ಇದು ಹೆಚ್ಚು. ಬೀಡಿ, ಸಿಗರೇಟು ಸೇದುವವರಲ್ಲಂತೂ ಇನ್ನೂ ಹೆಚ್ಚು.

ವಿಚಿತ್ರವೆಂದರೆ, ಆಮೇಲೂ ಮೊಣಕೈ ಮಡಚುತ್ತದೆ. ಕೆಳಗಿರುವ ಬ್ರೇಕಿಯಾಲಿಸ್ ಸ್ನಾಯು ಆ ಕೆಲಸ ನೋಡಿಕೊಳ್ಳುತ್ತದೆ. ಹೆಚ್ಚು ಕುಂದುವುದು ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವ ಬಲ. ಸ್ಕ್ರೂ ಬಿಗಿಯಲು ಹೋದಾಗ ಅದು ಗೊತ್ತಾಗುತ್ತದೆ. ಬೈಸೆಪ್ಸ್ ಮುಂಗೈಯನ್ನು ತಿರುಗಿಸುತ್ತದೆಂದು ಲಿಯೊನಾರ್ಡೊ ಡ ವಿಂಚಿ 16ನೇ ಶತಮಾನದ ಆರಂಭದಲ್ಲೇ ಹೆಣ ಕೊಯ್ದು ಕಂಡುಕೊಂಡು ಚಿತ್ರ ಬರೆದಿದ್ದ. ಆ ಬಲವನ್ನು ಅಳೆದು ನೋಡುವ ಕೆಲಸ ಮಾತ್ರ ಬಹಳ ತಡವಾಗಿ ಆಯಿತು.

ಟೆಂಡನ್ ಹೊಲಿದ ಮೊದಲ ವರದಿಗಳಲ್ಲೊಂದು 1898ರದು, ಅಕ್ವಾವಿವಾ ಎಂಬ ವೈದ್ಯನದು. ಆದರೆ ಟೆಂಡನ್ ಕೂಡಬೇಕಾದ ಮೂಳೆಯ ಗುಬ್ಬಿ ಮೊಣಕೈಯ ಆಳದಲ್ಲಿದೆ, ಪಕ್ಕದಲ್ಲೇ ರೇಡಿಯಲ್ ನರ ಹಾದುಹೋಗುತ್ತದೆ. ನರಕ್ಕೆ ಪೆಟ್ಟಾದರೆ ಬೆರಳು ಎತ್ತಲಾಗದು. ಆ ಭಯಕ್ಕೆ ಡಾಬಿ ಎಂಬ ವೈದ್ಯ 1941ರಲ್ಲಿ, 51 ಪ್ರಕರಣ ಕಲೆಹಾಕಿ, ಮೂಳೆಯ ತಂಟೆ ಬೇಡ, ಬ್ರೇಕಿಯಾಲಿಸ್‌ಗೇ ಹೊಲಿಯಿರಿ ಎಂದ. ನರ ಉಳಿಯಿತು, ತಿರುಗಿಸುವ ಬಲ ಮರಳಲಿಲ್ಲ.

1961ರಲ್ಲಿ ಹೆರಾಲ್ಡ್ ಬಾಯ್ಡ್, ಲೂಯಿಸ್ ಆ್ಯಂಡರ್ಸನ್ ಎಂಬ ವೈದ್ಯರು ಬೇರೆ ದಾರಿ ಹಿಡಿದರು. ಅಂಗೈ ಕೆಳಮುಖವಾಗಿ ತಿರುಗಿಸಿದರೆ ಆ ಗುಬ್ಬಿ ತಾನೇ ಹಿಂಬದಿಗೆ ಬರುತ್ತದೆ, ನರವೂ ದೂರ ಸರಿಯುತ್ತದೆ! ಮುಂದಿನ ಸಣ್ಣ ಗಾಯದಿಂದ ಟೆಂಡನ್ ಹುಡುಕಿ, ಮುಂಗೈಯ ಎರಡು ಮೂಳೆಗಳ ನಡುವೆ ತೂರಿಸಿ, ಹಿಂದಿನ ಗಾಯದಲ್ಲಿ ಮೂಳೆಗೆ ಬಿಗಿದರು. ಈ ಕತೆಯ ಅತಿ ಜಾಣ ಹೆಜ್ಜೆ ಇದೇ ಎಂದು ನನಗನ್ನಿಸುತ್ತದೆ. ಅದಕ್ಕೂ ಬೆಲೆ ತೆರಬೇಕಾಯಿತು: ಕೆಲವರಲ್ಲಿ ಆ ಎರಡು ಮೂಳೆಗಳ ನಡುವೆ ಹೊಸ ಮೂಳೆ ಬೆಳೆದು ಕೈ ತಿರುಗದಾಯಿತು. ಪಕ್ಕದ ಮೂಳೆಯನ್ನು ಬಯಲು ಮಾಡದೆ ಸ್ನಾಯುವನ್ನು ಸೀಳಿ ಹೋಗಬೇಕೆಂದು ಅಮೆರಿಕದ ಮೇಯೊ ಕ್ಲಿನಿಕ್‌ನವರು 1990ರಲ್ಲಿ ತಿಳಿಸಿದರು.

ಅಷ್ಟರಲ್ಲಿ, 1985ರಲ್ಲಿ, ಅದೇ ಕ್ಲಿನಿಕ್‌ನ ಬರ್ನಾರ್ಡ್ ಮಾರಿ ಬಲ ಅಳೆದಿದ್ದರು. ಆಪರೇಷನ್ ಇಲ್ಲದೆ ಬಿಟ್ಟರೆ ತಿರುಗಿಸುವ ಬಲ ಸುಮಾರು ಶೇಕಡ 40, ಮಡಚುವ ಬಲ ಶೇಕಡ 30 ಕುಂದುತ್ತದೆ. ಮೂಳೆಗೇ ಹೊಲಿಯಬೇಕೆಂಬವರ ವಾದಕ್ಕೆ ಕೊನೆಗೂ ಲೆಕ್ಕ ಸಿಕ್ಕಿತು.

2000ದಲ್ಲಿ ಆಸ್ಟ್ರೇಲಿಯಾದ ಗ್ರೆಗರಿ ಬೇನ್ ತಂಡ, ಮೊಣಕಾಲಿನ ಲಿಗಮೆಂಟ್‌ಗೆಂದು ಮಾಡಿದ್ದ ಪುಟ್ಟ ಲೋಹದ ಬಟನ್ ಅನ್ನು ಇಲ್ಲಿಗೆ ತಂದಿತು. ಬಟನ್‌ಗೆ ಟೆಂಡನ್ ಕಟ್ಟಿ, ಮೂಳೆಯ ತೂತಿನಲ್ಲಿ ಉದ್ದುದ್ದ ತೂರಿಸಿ, ಆಚೆ ಬದಿಯಲ್ಲಿ ಅಡ್ಡ ತಿರುಗಿಸಿದರೆ ಹಿಂದಕ್ಕೆ ಬರದು. ಮುಂದಿನ ಒಂದೇ ಗಾಯ ಸಾಕು.

ಟೆಂಡನ್ ಹರಿದಿದೆಯೇ ಎಂದು ಗುರುತಿಸಲು ಯಂತ್ರವೂ ಬೇಕಿಲ್ಲ. ಮೊಣಕೈ ಮಡಿಸಿ ಅಂಗೈ ಮೇಲೆ ಮಾಡಿಸಿ, ಹೊರಬದಿಯಿಂದ ತೋರುಬೆರಳನ್ನು ಟೆಂಡನ್ ಕೆಳಗೆ ಕೊಕ್ಕೆಯಂತೆ ಸಿಕ್ಕಿಸಬೇಕು. ಹರಿದಿದ್ದರೆ ಬೆರಳಿಗೆ ಏನೂ ಸಿಗದು. ಶಾನ್ ಒ’ಡ್ರಿಸ್ಕಾಲ್ ಎಂಬ ವೈದ್ಯ 2007ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಕೈ ಮಡಚುತ್ತದಲ್ಲ, ಉಳುಕಿರಬೇಕು ಎಂದು ಎಣ್ಣೆ ತಿಕ್ಕಿಸಿಕೊಂಡು ಕೂತರೆ ವಾರಗಳು ಜಾರುತ್ತವೆ. ಮೊದಲ ಎರಡು ಮೂರು ವಾರದೊಳಗೆ ರಾಯಚೂರಿಗೋ ಹೈದರಾಬಾದಿಗೋ ಹೋದರೆ ಹೊಲಿಗೆ ಸಲೀಸು. ತಿಂಗಳುಗಟ್ಟಲೆ ತಡವಾದರೆ ಟೆಂಡನ್ ಮೇಲೆ ಮುದುಡಿಕೊಂಡು ಅಂಟಿಬಿಡುತ್ತದೆ, ಎಷ್ಟೋ ಸಲ ತೊಡೆಯಿಂದ ಬೇರೆ ಟೆಂಡನ್ ತೆಗೆದು ಜೋಡಿಸಬೇಕಾಗುತ್ತದೆ.